ಕೊನೆ ಗೊತ್ತಿದ್ದೂ ಹ್ಯಾರಿ ಪಾಟರ್ ಮತ್ತೆ ಯಾಕೆ ಓದಬೇಕು?

ಪ್ರಶ್ನೆ: ಮಗಳು ಹ್ಯಾರಿ ಪಾಟರ್‌ನ ಏಳೂ ಪುಸ್ತಕಗಳನ್ನು ಮೂರನೇ ಸಲ ಓದುತ್ತಿದ್ದಾಳೆ. ಯಾರು ಸಾಯ್ತಾರೆ, ಯಾರು ಗೆಲ್ತಾರೆ ಎಲ್ಲ ಬಾಯಿಪಾಠ. ಇನ್ನೂ ಅದರಲ್ಲಿ ಏನಿದೆ?

ಈ ಪ್ರಶ್ನೆ ಬರದ ತಿಂಗಳಿಲ್ಲ. ಕೆಲವು ಸಲ ಮಗಳ ಬದಲು ಮಗ, ಒಮ್ಮೊಮ್ಮೆ ಗಂಡ. ನನ್ನ ಉತ್ತರ ಮಾತ್ರ ಅದೇ: ಓದಲಿ ಬಿಡಿ. (ಸರಣಿ ಮುಗಿದದ್ದು 2007ರಲ್ಲಿ. ಇನ್ನೂ ಓದದವರು ಇಲ್ಲೇ ನಿಲ್ಲಿಸಿ, ಆಮೇಲೆ ನನ್ನನ್ನು ಬೈಯಬೇಡಿ.)

‘ಕೊನೆ ಗೊತ್ತಾದರೆ ಮಜಾ ಹೋಯ್ತು’ ಅನ್ನೋ ನಂಬಿಕೆ ಇದೆಯಲ್ಲ, ಎಷ್ಟು ಸಲ ಹೇಳಿದರೂ ಅದು ಹೋಗಲ್ಲ. ಕರ್ಣಪರ್ವದ ಆಟಕ್ಕೆ ಚಾಪೆ ಹಾಸಿಕೊಂಡು ಕೂತವರಲ್ಲಿ ಕರ್ಣ ಸಾಯ್ತಾನೆ ಅಂತ ಗೊತ್ತಿಲ್ಲದವರು ಯಾರಿದ್ದಾರೆ? ಆದರೂ ಬೆಳಗಿನವರೆಗೆ ಎದ್ದೇಳಲ್ಲ. ‘ಅದು ಮಹಾಭಾರತ, ಇದು ಮಕ್ಕಳ ಪುಸ್ತಕ’ ಅಂತೀರಾ? ಸರಿ, ಮಕ್ಕಳ ಪುಸ್ತಕವನ್ನೇ ತೆಗೆಯೋಣ.

ಮೊದಲ ಪುಸ್ತಕದಲ್ಲಿ, ಹ್ಯಾರಿ ಓದುವ ಮಂತ್ರವಿದ್ಯೆಯ ಶಾಲೆಯಲ್ಲಿ ನಡೆಯುವ ಕ್ವಿಡಿಚ್ ಪಂದ್ಯ, ಅಂದರೆ ಪೊರಕೆ ಮೇಲೆ ಹಾರುತ್ತ ಆಡುವ ಆಟ. ಹ್ಯಾರಿಯ ಪೊರಕೆ ಹುಚ್ಚೆದ್ದು ಕುಣಿಯುತ್ತಿದೆ. ಅಲ್ಲಿನ ಮೇಷ್ಟ್ರು ಸ್ನೇಪ್ ಕಣ್ಣು ಮಿಟುಕಿಸದೆ ಏನೋ ಮಣಮಣ ಅನ್ನುತ್ತಿದ್ದಾನೆ. ಹ್ಯಾರಿಯ ಗೆಳತಿ ಹರ್ಮಯೋನಿ ಓಡಿಹೋಗಿ ಅವನ ನಿಲುವಂಗಿಗೆ ಬೆಂಕಿ ಹಚ್ಚುತ್ತಾಳೆ, ಪೊರಕೆ ಸುಮ್ಮನಾಗುತ್ತೆ. ಮೊದಲ ಓದಿಗೆ ಲೆಕ್ಕ ಸರಿಯಾಯ್ತು, ಕಳ್ಳ ಸ್ನೇಪ್. ಆದರೆ ಓಡುವ ರಭಸದಲ್ಲಿ ಅವಳು ಕ್ವಿರೆಲ್ ಮೇಷ್ಟ್ರಿಗೆ ಡಿಕ್ಕಿ ಹೊಡೆದು, ಅವರು ಮುಂದಿನ ಸಾಲಿಗೆ ತಲೆಕೆಳಗಾಗಿ ಬೀಳ್ತಾರೆ. ಇದಕ್ಕಿರೋದು ಅರ್ಧ ವಾಕ್ಯ. ಹ್ಯಾರಿಯನ್ನು ಉಳಿಸಿದ್ದು ಬೆಂಕಿಯಲ್ಲ, ಈ ಡಿಕ್ಕಿ! ಮಾಟ ಮಾಡುತ್ತಿದ್ದದ್ದು ಕ್ವಿರೆಲ್, ಸ್ನೇಪ್ ಅದನ್ನು ತಡೆಯುತ್ತಿದ್ದ. ಇದು ಕಣ್ಣಿಗೆ ಬಿದ್ದು ನಗು ಬರಬೇಕಾದರೆ ಕೊನೆ ಗೊತ್ತಿರಲೇಬೇಕು.

ಇನ್ನೊಂದು, ನನಗೆ ತುಂಬ ಇಷ್ಟದ್ದು. ಆರನೇ ಪುಸ್ತಕದಲ್ಲಿ (2005) ಹ್ಯಾರಿ ತನ್ನ ಪಠ್ಯಪುಸ್ತಕ ಬಚ್ಚಿಡೋಕೆ ಹಳೇ ಸಾಮಾನು ತುಂಬಿದ ಕೋಣೆಗೆ ನುಗ್ಗುತ್ತಾನೆ. ಒಂದು ಮುರುಕು ಬೀರುವಿನ ಪಕ್ಕದಲ್ಲೇ ತಿರುಗಿ ಹೋಗ್ತಾನೆ. ಅದೇ ಬೀರುವಿನ ಮೂಲಕ ಶತ್ರುಗಳು ಶಾಲೆಯೊಳಗೆ ಬರಲಿದ್ದಾರೆ. (ಅದು ಮುರಿದದ್ದು ಎರಡನೇ ಪುಸ್ತಕದಲ್ಲಿ, ಒಂದು ತರಲೆ ಭೂತದ ಕೈಯಲ್ಲಿ.) ಆಮೇಲೆ ಪುಸ್ತಕ ಇಟ್ಟ ಜಾಗದ ಗುರುತಿಗೆ ಒಂದು ಪ್ರತಿಮೆ ನಿಲ್ಲಿಸಿ, ಅದರ ತಲೆಗೆ ಕಪ್ಪಿಟ್ಟ ಹಳೇ ಕಿರೀಟ ತೊಡಿಸ್ತಾನೆ. ಹ್ಯಾರಿಯ ಪರಮಶತ್ರು ವೋಲ್ಡೆಮಾರ್ಟ್‌ನ ಆತ್ಮದ ಒಂದು ತುಂಡು ಅಡಗಿರೋದು ಆ ಕಿರೀಟದಲ್ಲೇ. ಮುಂದಿನ ಪುಸ್ತಕದಲ್ಲಿ ಅದಕ್ಕಾಗಿ ಪರದಾಡುವ ಹುಡುಗ ಇಲ್ಲಿ ಅದನ್ನು ಕೈಯಲ್ಲೇ ಹಿಡಿದಿದ್ದ. ನಾವೂ ಪುಟ ತಿರುಗಿಸಿಬಿಟ್ಟಿದ್ದೆವು, ಅಲ್ವಾ?

ಐದನೇ ಪುಸ್ತಕದಲ್ಲಿ ಮನೆ ಕ್ಲೀನ್ ಮಾಡುವಾಗ ಯಾರಿಂದಲೂ ಬಿಚ್ಚಿ ತೆರೆಯಲಾಗದ ಲಾಕೆಟ್ಟಿನ ಕಥೆಯೂ ಇದೇ. ಅದನ್ನು ಮಗಳೇ ಹೇಳ್ತಾಳೆ, ಕೇಳಿ.

ಹಾಗಾದರೆ ಲೇಖಕಿ ಜೆ.ಕೆ. ರೌಲಿಂಗ್ ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿದ್ದರಾ? ನೀವು ಕೇಳಲಿಲ್ಲ, ಆದರೂ ಹೇಳ್ತೀನಿ. 1997ರ ಮೊದಲ ಪುಸ್ತಕದ ಮೊದಲ ಅಧ್ಯಾಯದಲ್ಲೇ, ಶಾಲೆಯ ಕಾವಲುಗಾರ ಹ್ಯಾಗ್ರಿಡ್ ತಂದ ಬೈಕು ಹ್ಯಾರಿಯ ಗಾಡ್‌ಫಾದರ್ ಸಿರಿಯಸ್ ಬ್ಲ್ಯಾಕ್‌ನದು. ಆ ಸಿರಿಯಸ್ ಎದುರಿಗೆ ಬರೋದು 1999ರ ಮೂರನೇ ಪುಸ್ತಕದಲ್ಲಿ. ಆದರೆ ಎಡವಿದ್ದೂ ಇದೆ. 2000ದಲ್ಲಿ ಬಂದ ನಾಲ್ಕನೇ ಪುಸ್ತಕದಲ್ಲಿ ವೋಲ್ಡೆಮಾರ್ಟ್‌ನ ಮಂತ್ರದಂಡದಿಂದ, ಅದರಿಂದಲೇ ಸತ್ತವರ ನೆರಳುಗಳು ಹೊರಗೆ ಬರ್ತಾವೆ, ಕೊನೆಗೆ ಸತ್ತವರು ಮೊದಲು. ಹ್ಯಾರಿಯ ಅಪ್ಪ ಮೊದಲು ಸತ್ತದ್ದು, ಆಮೇಲೆ ಅಮ್ಮ. ಹಾಗಾಗಿ ಅಮ್ಮನ ನೆರಳು ಮೊದಲು ಬರಬೇಕು. ಮೊದಲ ಮುದ್ರಣಗಳಲ್ಲಿ ಅಪ್ಪ ಮೊದಲು ಬಂದುಬಿಟ್ಟಿದ್ದ! ಆಮೇಲಿನ ಮುದ್ರಣಗಳಲ್ಲಿ ತಿದ್ದಿದರು.

ನಿಮ್ಮ ಮನೆಯ ಪ್ರತಿ ಹಳೆಯದಾಗಿದ್ದರೆ 34ನೇ ಅಧ್ಯಾಯ ತೆಗೆದು ನೋಡಿ. ಮಗಳು ಪುಸ್ತಕ ಬಿಟ್ಟುಕೊಟ್ಟರೆ.