ಬಿಆರ್‌ಡಿ4 ಕ್ಯಾನ್ಸರ್ ಪ್ರೋಟೀನ್ ಅಲ್ಲ

ನಟ್ ಕಾರ್ಸಿನೋಮ ಅಪರೂಪದ ಕ್ಯಾನ್ಸರ್. ಚಿಕ್ಕ ವಯಸ್ಸಿನವರಿಗೂ ಬರುತ್ತದೆ, ಬಹಳ ಬೇಗ ಹರಡುತ್ತದೆ. ರಿಪೋರ್ಟಿನಲ್ಲಿ ಬಿಆರ್‌ಡಿ4 ಎಂಬ ಹೆಸರು ಕಂಡ ಮನೆಯವರು ನನ್ನಂಥ ಪೆಥಾಲಜಿಸ್ಟನ್ನೂ ಹುಡುಕಿಕೊಂಡು ಬಂದು ಕೇಳುತ್ತಾರೆ: 'ಈ ಪ್ರೋಟೀನನ್ನೇ ಪೂರ್ತಿ ತೆಗೆದುಬಿಡೋಕೆ ಆಗಲ್ವಾ ಡಾಕ್ಟ್ರೇ?' ಅವರ ಸಂಕಟ ಅರ್ಥವಾಗುತ್ತದೆ. ನನಗೆ ಸಿಟ್ಟು ಇರುವುದು ಇದಕ್ಕೆ 'ಕ್ಯಾನ್ಸರ್ ಪ್ರೋಟೀನ್' ಅಂತ ಸುಮ್ನೆ ಹಣೆಪಟ್ಟಿ ಹಚ್ಚುವವರ ಮೇಲೆ.

ಬಿಆರ್‌ಡಿ4 ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಎಂಬ ಪ್ರೋಟೀನ್‌ಗಳ ಮೇಲೆ ಅಸಿಟೈಲ್ ಎಂಬ ರಾಸಾಯನಿಕ ಗುರುತು ಬಿದ್ದ ಕಡೆ ಅದು ಹೋಗಿ ಅಂಟಿಕೊಳ್ಳುತ್ತದೆ. ಅಲ್ಲಿನ ಜೀನ್ ಕೆಲಸ ಶುರುಮಾಡಲು ನೆರವಾಗುತ್ತದೆ. ಇಲಿಯಲ್ಲಿ ಬಿಆರ್‌ಡಿ4 ಜೀನಿನ ಎರಡೂ ಪ್ರತಿ ಕೆಡಿಸಿದರೆ ಭ್ರೂಣವೇ ಉಳಿಯುವುದಿಲ್ಲ. ಬೆಳೆದ ಇಲಿಯಲ್ಲಿ ಪ್ರೋಟೀನ್ ತಗ್ಗಿಸಿದರೆ ಕೂದಲು ಉದುರುತ್ತದೆ, ಕರುಳಿನ ಮೂಲಕೋಶಗಳು ಕಮ್ಮಿಯಾಗುತ್ತವೆ. ಪೂರ್ತಿ ತೆಗೆದರೆ ಬದುಕುವುದು ಹೇಗೆ, ಹೇಳಿ?

ನಟ್ ಕಾರ್ಸಿನೋಮದಲ್ಲಿ ಹೆಚ್ಚಾಗಿ 15 ಮತ್ತು 19ನೇ ಕ್ರೋಮೋಸೋಮ್‌ಗಳು ತುಂಡಾಗಿ ಅದಲುಬದಲಾಗಿ ಕೂಡಿಕೊಳ್ಳುತ್ತವೆ. ಬಿಆರ್‌ಡಿ4ಗೆ ನಟ್ ಎಂಬ ಪ್ರೋಟೀನ್ ಜೋಡಿಯಾಗುತ್ತದೆ. ನಟ್ ಮಾಮೂಲಾಗಿ ಇರುವುದು ವೃಷಣದಲ್ಲಿ. ಇಲ್ಲಿ ಅದು ಅಸಿಟೈಲ್ ಗುರುತು ಹಾಕುವ ಕಿಣ್ವವನ್ನೇ ಎಳೆದು ತರುತ್ತದೆ. ಗುರುತು ಜಾಸ್ತಿಯಾದಷ್ಟೂ ಈ ಜೋಡಿ ಜಾಸ್ತಿ ಅಂಟುತ್ತದೆ, ಅಂಟಿದಷ್ಟೂ ಗುರುತು ಜಾಸ್ತಿ. ಕೋಶ ಹೆಚ್ಚುತ್ತಾ ಹೋಗುವಂತೆ ಮಾಡುವ ಮಿಕ್ ಎಂಬ ಜೀನ್ ಆರುವುದೇ ಇಲ್ಲ, ಕೋಶ ಪಕ್ವವಾಗುವುದೇ ಇಲ್ಲ. ನಟ್ ಪ್ರೋಟೀನ್ ಕಾಣುವಂತೆ ಬಣ್ಣ ಹಾಕಿದ ಸ್ಲೈಡಿನಲ್ಲಿ ಕೋಶಕೇಂದ್ರದ ತುಂಬ ರಾಗಿ ಚೆಲ್ಲಿದಂತೆ ಕಂದು ಚುಕ್ಕೆಗಳು ಕಾಣುತ್ತವೆ. ಈ ಅದಲುಬದಲು ಆಗಿರುವುದು ಗಡ್ಡೆಯ ಕೋಶಗಳಲ್ಲಿ ಮಾತ್ರ. ಇದು ಮನೆತನದಲ್ಲಿ ಹರಿದುಬರುವುದಲ್ಲ, ಹಾಗಾಗಿ ಅಣ್ಣತಮ್ಮಂದಿರಿಗೆ ಪರೀಕ್ಷೆ ಬೇಕಿಲ್ಲ.

2010ರಲ್ಲಿ ಜೆಕ್ಯೂ1 ಎಂಬ ಅಣು ಬಿಆರ್‌ಡಿ4ಅನ್ನು ಹಿಸ್ಟೋನಿನಿಂದ ಬಿಡಿಸಬಲ್ಲದು ಎಂದು ಗೊತ್ತಾಯಿತು. ಲ್ಯಾಬಿನಲ್ಲಿ ಈ ಕ್ಯಾನ್ಸರಿನ ಕೋಶಗಳು ಹೆಚ್ಚುವುದು ಬಿಟ್ಟು ಪಕ್ವವಾಗತೊಡಗಿದವು. ಆಮೇಲೆ ಇದೇ ಬಗೆಯ ಔಷಧಿಗಳು ರೋಗಿಗಳ ಮೇಲಿನ ಪ್ರಯೋಗಕ್ಕೆ ಬಂದವು. ಕೆಲವರ ಗಡ್ಡೆ ಕುಗ್ಗಿತು. ಆದರೆ ಪ್ಲೇಟ್ಲೆಟ್ ಇಳಿಯಿತು. ಪ್ಲೇಟ್ಲೆಟ್ ತಯಾರಿಸುವ ಮೂಳೆಮಜ್ಜೆಗೂ ಬಿಆರ್‌ಡಿ4 ಬೇಕು, ಅಲ್ವಾ? ಔಷಧಿಗೆ ಗಡ್ಡೆ ಯಾವುದು, ಮಜ್ಜೆ ಯಾವುದು ಅಂತ ಗೊತ್ತಾಗುವುದಿಲ್ಲ.

ಹಾಗಾಗಿ ಎಷ್ಟು ತಗ್ಗಿಸಬೇಕು, ಎಷ್ಟು ದಿನ, ನಡುವೆ ಎಷ್ಟು ಬಿಡುವು ಎನ್ನುವುದೇ ನಿಜವಾದ ಲೆಕ್ಕ. ಒಬ್ಬೊಬ್ಬರಿಗೆ ಒಂದೊಂದು ಥರ ಇರುತ್ತದೆ, ನಾನು ಇಲ್ಲಿ ಕೂತು ಹೇಳಲಾರೆ. ಇಂಥ ಪ್ರಯೋಗಕ್ಕೆ ಸೇರುವವರಿದ್ದರೆ ಪ್ಲೇಟ್ಲೆಟ್ ಎಷ್ಟಕ್ಕೆ ಇಳಿದರೆ ಔಷಧಿ ನಿಲ್ಲಿಸುತ್ತೀರಿ ಎಂದು ಸಹಿ ಹಾಕುವ ಮೊದಲೇ ನಿಮ್ಮ ಡಾಕ್ಟರನ್ನು ಕೇಳಿ.