ವಾಂತಿಭೇದಿ: ನೀರಿನ ಜೊತೆ ಹೋಗುವ ಸೋಡಾ

2023ರ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದವರು ವಾಂತಿಭೇದಿಯಿಂದ ಒಬ್ಬರ ಹಿಂದೊಬ್ಬರು ಆಸ್ಪತ್ರೆ ಸೇರಿದರು. ಕೆಲವರು ಉಳಿಯಲಿಲ್ಲ. ಇಂಥ ಸುದ್ದಿ ಬಂದಾಗಲೆಲ್ಲ ‘ಮೈಯಲ್ಲಿನ ನೀರೆಲ್ಲ ಹೋಯಿತಂತೆ’ ಎಂದು ಜನ ಮಾತಾಡಿಕೊಳ್ಳುತ್ತಾರೆ. ನಿಜವೇ, ಆದರೆ ಪೂರ್ತಿ ನಿಜವಲ್ಲ. ನೀರು, ಉಪ್ಪಿನ ಜೊತೆಗೆ ಬೈಕಾರ್ಬೊನೇಟ್ ಎಂಬ ಕ್ಷಾರವೂ ಭೇದಿಯಲ್ಲಿ ಹೊರಟುಹೋಗುತ್ತದೆ. ದಾವಣಗೆರೆಯಲ್ಲಿ ಮಂಡಕ್ಕಿಗೆ ಜೊತೆಯಾಗುವ ಮಿರ್ಚಿಯ ಹಿಟ್ಟಿಗೆ ಚಿಟಿಕೆ ಬೀಳುವ ಅಡುಗೆ ಸೋಡಾದಲ್ಲಿ ಇರುವುದೂ ಅದೇ.

ಆಮ್ಲ, ಕ್ಷಾರಗಳ ಅಳತೆಗೆ ಪಿಎಚ್ ಎನ್ನುತ್ತಾರೆ; ಅಂಕಿ ಇಳಿದರೆ ಆಮ್ಲದ ಕಡೆ, ಏರಿದರೆ ಕ್ಷಾರದ ಕಡೆ. ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರಬೇಕು. ಉಂಡದ್ದು ಮೈಗೂಡುವಾಗ ಆಮ್ಲ ಹುಟ್ಟುತ್ತಲೇ ಇರುತ್ತದೆ. ಅದನ್ನು ಬೈಕಾರ್ಬೊನೇಟ್ ಆ ಕ್ಷಣಕ್ಕೆ ಅಡಗಿಸುತ್ತದೆ. ಆಗ ಉಂಟಾಗುವ ಇಂಗಾಲದ ಡೈಆಕ್ಸೈಡನ್ನು ಶ್ವಾಸಕೋಶ ಹೊರಹಾಕುತ್ತದೆ. ಖರ್ಚಾದ ಬೈಕಾರ್ಬೊನೇಟನ್ನು ಮೂತ್ರಪಿಂಡ ಮತ್ತೆ ತುಂಬುತ್ತದೆ. ಶ್ವಾಸಕೋಶದ ಕೆಲಸ ನಿಮಿಷಗಳದ್ದು, ಮೂತ್ರಪಿಂಡದ್ದು ದಿನಗಳದ್ದು. ಜೋರು ಭೇದಿ ಮೂತ್ರಪಿಂಡಕ್ಕೆ ಅಷ್ಟು ಪುರುಸೊತ್ತು ಕೊಡುವುದಿಲ್ಲ. ಹೆಚ್ಚಿದ ಆಮ್ಲವನ್ನು ಇಳಿಸಲು ರೋಗಿ ಆಳವಾಗಿ, ಬೇಗಬೇಗ ಉಸಿರಾಡತೊಡಗುತ್ತಾನೆ. ಮನೆಯವರು ಅದನ್ನು ಗಾಬರಿಯ ಏದುಸಿರು ಎಂದುಕೊಳ್ಳುತ್ತಾರೆ. ಬರೀ ವಾಂತಿಯಾದರೆ ಲೆಕ್ಕ ತಿರುಗುಮುರುಗು: ಜಠರದ ಆಮ್ಲ ಹೋಗಿ ರಕ್ತ ಕ್ಷಾರದ ಕಡೆ ವಾಲುತ್ತದೆ. (ದುಬಾರಿ ಬಾಟಲಿಯ ‘ಕ್ಷಾರೀಯ ನೀರು’ ಕುಡಿದರೆ ರಕ್ತದ ಪಿಎಚ್ ಏರುತ್ತದೆ ಎಂದು ನಂಬಿದವರಿಗೆ ಮೂತ್ರಪಿಂಡದ ಪರಿಚಯವೇ ಇಲ್ಲ.)

ಈ ತಿಳಿವಳಿಕೆ ಶುರುವಾದದ್ದೇ ಕಾಲರಾದಿಂದ. 1831ರಲ್ಲಿ ಇಂಗ್ಲೆಂಡಿನ ಸಂಡರ್‌ಲ್ಯಾಂಡ್‌ಗೆ ಕಾಲರಾ ಬಂದಾಗ ವಿಲಿಯಂ ಓಶಾನೆಸಿ ಎಂಬ ಐರಿಷ್ ತರುಣ ವೈದ್ಯ ರೋಗಿಗಳ ರಕ್ತ ಪರೀಕ್ಷಿಸಿ, ನೀರು, ಲವಣ, ಕ್ಷಾರ ಮೂರೂ ಕಡಿಮೆಯಾಗಿವೆ ಎಂದು ತೋರಿಸಿದ. ಮರುವರ್ಷ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಥಾಮಸ್ ಲಾಟಾ ಉಪ್ಪು, ಸೋಡಾ ಬೆರೆಸಿದ ನೀರನ್ನು ನೇರ ರಕ್ತನಾಳಕ್ಕೆ ಹರಿಸಿದ. ಮೊದಲ ರೋಗಿ, ಒಬ್ಬ ಮುದುಕಿ, ಚೇತರಿಸಿಕೊಂಡು ಮತ್ತೆ ಕುಸಿದು ತೀರಿಕೊಂಡಳು. ಮುಂದೆ ಕೆಲವರು ಬದುಕಿದರು. ಆದರೂ ವೈದ್ಯಲೋಕ ಆ ದಾರಿಯನ್ನು ದಶಕಗಳ ಕಾಲ ಮರೆತೇಬಿಟ್ಟಿತು. ಓಶಾನೆಸಿ ಕಲ್ಕತ್ತೆಗೆ ಬಂದು, ಕೊನೆಗೆ ಭಾರತಕ್ಕೆ ಟೆಲಿಗ್ರಾಫ್ ತಂತಿ ಎಳೆಸುವುದರಲ್ಲಿ ಮುಳುಗಿದ.

1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸೆನ್ ಪಿಎಚ್ ಅಳತೆ ಕೊಟ್ಟ. ಮರುವರ್ಷವೇ ಮನಿಲಾದಲ್ಲಿ ಸೆಲರ್ಡ್ಸ್ ಎಂಬ ವೈದ್ಯ, ಕಾಲರಾ ರೋಗಿಗಳಿಗೆ ಎಷ್ಟು ಸೋಡಾ ಕೊಟ್ಟರೂ ಮೂತ್ರ ಸುಲಭಕ್ಕೆ ಕ್ಷಾರವಾಗದಿರುವುದನ್ನು ಕಂಡ. ಅಂದರೆ ಕ್ಷಾರದ ಕೊರತೆಯಿದ್ದ ಮೈ ಅದನ್ನು ಹೀರಿಕೊಳ್ಳುತ್ತಿತ್ತು.

ಆದರೆ ರಕ್ತದ ಒಂದೇ ಅಂಕಿ ನೋಡಿದರೆ ಎಂಥ ಮೋಸವಾಗುತ್ತದೆ ಎಂಬುದು ಬಯಲಾದದ್ದು 1952ರ ಕೋಪನ್‌ಹೇಗನ್‌ನಲ್ಲಿ. ಪೋಲಿಯೊ ಬಡಿದು ಸಾಯುತ್ತಿದ್ದವರ ರಕ್ತದಲ್ಲಿ ಒಟ್ಟು ಇಂಗಾಲದ ಡೈಆಕ್ಸೈಡ್ ಹೆಚ್ಚಿತ್ತು. ಪಿಎಚ್ ಅಳೆಯದೆ, ಅದು ಕ್ಷಾರ ಹೆಚ್ಚಿದ ಗುರುತೆಂದು ವೈದ್ಯರು ತಿಳಿದಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸನ್ ಒಪ್ಪಲಿಲ್ಲ. ಸ್ನಾಯು ಸೋತು ಇಂಗಾಲದ ಡೈಆಕ್ಸೈಡ್ ಹೊರಹೋಗದೆ ರಕ್ತ ಆಮ್ಲವಾಗುತ್ತಿದೆ, ಇದು ಕ್ಷಾರದ್ದಲ್ಲ, ಆಮ್ಲದ ಕಾಟ ಎಂದ. ಆಗಸ್ಟ್ 27ರಂದು 12 ವರ್ಷದ ಹುಡುಗಿಯ ಗಂಟಲು ಸೀಳಿ ಕೊಳವೆ ಇಳಿಸಿ, ಕೈಯಲ್ಲೇ ಚೀಲ ಒತ್ತಿ ಉಸಿರು ಕೊಟ್ಟರು. ಹುಡುಗಿ ಉಳಿದಳು. ಆಮೇಲೆ ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲುರಾತ್ರಿ ಚೀಲ ಒತ್ತಿದರು. ಇಂದು ತೀವ್ರ ನಿಗಾ ಘಟಕದಲ್ಲಿ ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು, ಸಿರಿಂಜಿನ ಗಾಳಿಗುಳ್ಳೆ ಹೊರದೂಡಿ ತಕ್ಷಣ ಯಂತ್ರಕ್ಕೆ ಕೊಟ್ಟು ಪಿಎಚ್, ಇಂಗಾಲದ ಡೈಆಕ್ಸೈಡ್ ಅಳೆಯುವ ಪರೀಕ್ಷೆಯ ಬೇರು ಅಲ್ಲಿದೆ.

1971ರಲ್ಲಿ ಬಾಂಗ್ಲಾ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ ವೈದ್ಯ ದಿಲೀಪ್ ಮಹಲನಾಬಿಸ್ ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಕಲಸಿದ ನೀರನ್ನು ಬಾಯಿಂದಲೇ ಕುಡಿಸಿದರು. ಆಮೇಲೆ ಬಂದ ಓಆರ್‌ಎಸ್ ಪೊಟ್ಟಣದಲ್ಲೂ ಸೋಡಾ ಇತ್ತು. ಸೆಕೆ, ತೇವಕ್ಕೆ ಪುಡಿ ಕೆಡುತ್ತಿದ್ದರಿಂದ 1984ರಲ್ಲಿ ಅದರ ಜಾಗಕ್ಕೆ ಸಿಟ್ರೇಟ್ ಎಂಬ ಲವಣ ಬಂತು. ದೇಹ ಅದನ್ನು ಬೈಕಾರ್ಬೊನೇಟ್ ಆಗಿ ಬದಲಿಸಿಕೊಳ್ಳುತ್ತದೆ. ಈಗಿನ ಸೂತ್ರದಲ್ಲಿ ಒಂದು ಲೀಟರಿಗೆ 2.9 ಗ್ರಾಂ ಸಿಟ್ರೇಟ್ ಇದೆ. ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ಅತಿಯಾಗಿ ತೊಂದರೆಯೇ ಹೆಚ್ಚು.

ನಮ್ಮ ಜಿಲ್ಲೆಗಳಲ್ಲಿ ಇನ್ನೂ ಹೋಗದ ಹಟ ಒಂದಿದೆ: ಭೇದಿಯಾದರೆ ‘ಒಂದು ಗ್ಲೂಕೋಸ್ ಬಾಟಲಿ ಹಾಕಿಬಿಡಿ, ಡಾಕ್ಟ್ರೇ’. ಬರೀ ಗ್ಲೂಕೋಸಿನ ಬಾಟಲಿಯಲ್ಲಿ ಉಪ್ಪೂ ಇಲ್ಲ, ಕ್ಷಾರವೂ ಇಲ್ಲ. ತೀರಾ ಬಳಲಿದವರಿಗೆ ವೈದ್ಯರು ಆರಿಸುವುದು ಲವಣ, ಲ್ಯಾಕ್ಟೇಟ್ ಇರುವ ರಿಂಗರ್ ಲ್ಯಾಕ್ಟೇಟ್ ಎಂಬ ಬಾಟಲಿ. ಅದರ ಲ್ಯಾಕ್ಟೇಟ್ ಯಕೃತ್ತಿನಲ್ಲಿ ಬೈಕಾರ್ಬೊನೇಟ್ ಆಗುತ್ತದೆ. ಕುಡಿಯುವ ಶಕ್ತಿ ಇರುವವರಿಗೆ ಬಾಟಲಿಯೇ ಬೇಕಿಲ್ಲ, ಓಆರ್‌ಎಸ್ ಸಾಕು.