ಪ್ಲಾಸ್ಮಾಕ್ಕೂ ಒಂದು ಅಳಿವೆ ಇದೆ

ಉಡುಪಿಯ ಕೋಡಿಬೆಂಗ್ರೆಯಲ್ಲಿ ಸ್ವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುತ್ತವೆ. ಜುಲೈ ತಿಂಗಳಲ್ಲಿ ಜೋರು ಮಳೆ ಬಂದ ಮರುದಿನ ಅಲ್ಲಿ ಹೋಗಿ ನಿಂತು ನೋಡಿ. ಹೊಳೆಯ ಕೆಂಪು ನೀರು ಅಳಿವೆ ದಾಟಿ ಕಡಲೊಳಗೆ ಉಬ್ಬಿಕೊಂಡಿರುತ್ತದೆ. ಈಚೆ ಕೆಂಪು, ಆಚೆ ಬೂದು, ನಡುವೆ ನೊರೆಯ ಗೆರೆ. ಅದೇ ಏಪ್ರಿಲ್‌ನಲ್ಲಿ ಹೊಳೆಗೆ ಬಲ ಇರುವುದಿಲ್ಲ. ಭರತದ ಹೊತ್ತಿಗೆ ಉಪ್ಪುನೀರು ಒಳಗೆ ನುಗ್ಗುತ್ತದೆ, ದಡದ ಬಾವಿಗಳ ನೀರೂ ಉಪ್ಪಾಗುತ್ತದೆ.

ಆ ಗೆರೆಯನ್ನು ಯಾರೂ ಕಟ್ಟಿಲ್ಲ. ಹೊಳೆಯ ಬಲ, ಕಡಲಿನ ಬಲ ಎರಡೂ ಸಮವಾಗುವಲ್ಲಿ ಅದು ತಾನಾಗಿ ನಿಲ್ಲುತ್ತದೆ. ಅಯಾನುಗಳ ಬೀಮ್, ಅಂದರೆ ಚಾರ್ಜ್ ಇರುವ ಪರಮಾಣುಗಳ ಧಾರೆ, ಹುಟ್ಟುವುದೂ ಇಂಥ ಒಂದು ಗೆರೆಯಲ್ಲೇ. ನನಗೆ ಇದು ಮೊದಲ ಸಲ ಅರ್ಥವಾದ ದಿನ ಕಣ್ಣ ಮುಂದೆ ಬಂದದ್ದು ಕೋಡಿಬೆಂಗ್ರೆಯೇ.

ಪ್ಲಾಸ್ಮಾ ಅಂದರೆ ಏನೋ ದೂರದ್ದಲ್ಲ. ಉರಿಯುವ ಟ್ಯೂಬ್‌ಲೈಟಿನೊಳಗೆ ಇರುವುದೂ ಅದೇ. ಅನಿಲದ ಕೆಲವು ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತು ಬಂದಿರುತ್ತವೆ. ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವೇ ಅಯಾನು, ಅದಕ್ಕೆ ಪ್ಲಸ್ ಚಾರ್ಜ್. ಅಯಾನು, ಎಲೆಕ್ಟ್ರಾನ್ ಎರಡೂ ಬೆರೆತು ಓಡಾಡುವ ಬಿಸಿ ಗೊಂದಲವೇ ಪ್ಲಾಸ್ಮಾ. ಪ್ರಯೋಗಾಲಯದಲ್ಲಿ ಇದಕ್ಕೆ ಒಂದು ಸಣ್ಣ ಲೋಹದ ಡಬ್ಬಿ ಸಾಕು. ಒಳಗೆ ಚೂರೇ ಚೂರು ಹೈಡ್ರೋಜನ್ ಅಥವಾ ಆರ್ಗಾನ್ ಬಿಟ್ಟು ಮೈಕ್ರೋವೇವ್ ಹಾಯಿಸುತ್ತಾರೆ. ಹಲವು ಕಡೆ ಬಳಸುವುದು 2.45 ಗಿಗಾಹರ್ಟ್ಸ್ ತರಂಗ, ಅಡುಗೆಮನೆಯ ಮೈಕ್ರೋವೇವ್ ಓವನ್ನಿನದ್ದೇ. ಜೊತೆಗೆ 875 ಗಾಸ್ ಆಸುಪಾಸಿನ ಕಾಂತಕ್ಷೇತ್ರ ಇಟ್ಟರೆ ಎಲೆಕ್ಟ್ರಾನ್‌ಗಳು ಆ ತರಂಗದ ತಾಳಕ್ಕೆ ಸರಿಯಾಗಿ ಸುತ್ತುತ್ತವೆ. ಉಯ್ಯಾಲೆಯನ್ನು ಹದ ನೋಡಿ ತಳ್ಳಿದ ಹಾಗೆ, ಸುತ್ತು ಸುತ್ತಿಗೂ ಅವುಗಳ ವೇಗ ಏರುತ್ತದೆ.

ಈಗ ಡಬ್ಬಿಯ ಗೋಡೆಗೆ ಕೆಲವು ಮಿಲಿಮೀಟರ್ ಅಗಲದ ತೂತು ಮಾಡಿ. ಅದರ ಎದುರಿಗೆ, ಸ್ವಲ್ಪ ದೂರದಲ್ಲಿ, ಇನ್ನೊಂದು ತೂತಿನ ಲೋಹದ ತಟ್ಟೆ ಇಡಿ. ಡಬ್ಬಿಗೆ ಹತ್ತಾರು ಸಾವಿರ ವೋಲ್ಟ್ ಪ್ಲಸ್ ಕೊಡಿ. ಎಲೆಕ್ಟ್ರಾನ್‌ಗಳು ಹಿಂದಕ್ಕೆ, ಅಯಾನುಗಳು ಮುಂದಕ್ಕೆ. ತಟ್ಟೆಯ ತೂತಿನಿಂದ ಬೀಮ್ ಹೊರಗೆ ಬರುತ್ತದೆ. 1886ರಲ್ಲಿ ಜರ್ಮನ್ ವಿಜ್ಞಾನಿ ಗೋಲ್ಡ್‌ಸ್ಟೈನ್ ಕಂಡದ್ದೂ ಹೆಚ್ಚುಕಡಿಮೆ ಇದನ್ನೇ. ಅವರು ಅನಿಲ ತುಂಬಿದ ಕೊಳವೆಯ ಕ್ಯಾಥೋಡಿಗೆ, ಅಂದರೆ ಮೈನಸ್ ತಟ್ಟೆಗೆ, ತೂತು ಮಾಡಿದ್ದರು. ಆ ತೂತಿನ ಹಿಂದೆ ಬೆಳಕಿನ ಎಳೆಗಳು ಕಂಡವು. ಶಾಲೆಯ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುವ ವಿಷಯ ಅದು, ಅಲ್ವಾ?

ಆದರೆ ಅಯಾನುಗಳು ಹೊರಡುವುದು ಯಾವ ಜಾಗದಿಂದ? ಮಂಗಳೂರಿನ ಹತ್ತಿರ ಕೊಣಾಜೆಯ ವಿಶ್ವವಿದ್ಯಾನಿಲಯದಲ್ಲಿ ಮೈಕ್ರೋಟ್ರಾನ್ ಇದೆ. ಅದು ಎಲೆಕ್ಟ್ರಾನ್‌ಗಳ ವೇಗ ಏರಿಸುವ ಯಂತ್ರ. ಅಲ್ಲಿ ಎಲೆಕ್ಟ್ರಾನ್‌ಗಳು ಹೊರಡುವುದು ಕಾಯಿಸಿದ ಒಂದು ಗಟ್ಟಿ ವಸ್ತುವಿನ ಮೈಯಿಂದ. ಗಟ್ಟಿ ವಸ್ತುವನ್ನು ಬೇಕಾದ ಆಕಾರಕ್ಕೆ ಕಡೆಯಬಹುದು. ಪ್ಲಾಸ್ಮಾವನ್ನು ಕಡೆಯುವುದು ಹೇಗೆ? ಅದರ ಅಂಚು ತೂತಿನ ಬಾಯಲ್ಲಿ ತೇಲುತ್ತಿರುತ್ತದೆ, ಅಳಿವೆಯ ಗೆರೆಯ ಹಾಗೆ.

ಆ ಅಂಚು ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ಒಂದು ಲೆಕ್ಕ ಇದೆ. 1911ರಲ್ಲಿ ಚೈಲ್ಡ್, 1913ರಲ್ಲಿ ಲ್ಯಾಂಗ್ಮ್ಯೂರ್ ಅನ್ನುವ ವಿಜ್ಞಾನಿಗಳು ಕೊಟ್ಟದ್ದು. ಒಂದೇ ಚಾರ್ಜಿನ ಕಣಗಳು ಒಂದನ್ನೊಂದು ತಳ್ಳುತ್ತವೆ. ಮುಂದೆ ಹೋದ ಅಯಾನುಗಳು ಹಿಂದಿನವಕ್ಕೆ ಅಡ್ಡ ನಿಂತ ಹಾಗಾಗುತ್ತದೆ. ಹಾಗಾಗಿ ಅಂಚಿಗೂ ತಟ್ಟೆಗೂ ನಡುವಿನ ಕಂಡಿಯಲ್ಲಿ ಹಾಯಿಸಬಹುದಾದ ಕರೆಂಟಿಗೆ ಮಿತಿ ಇದೆ. ವೋಲ್ಟೇಜ್ 4 ಪಟ್ಟು ಮಾಡಿದರೆ ಆ ಮಿತಿ 8 ಪಟ್ಟು ಏರುತ್ತದೆ. ಕಂಡಿಯ ಅಂತರ ಅರ್ಧ ಮಾಡಿದರೆ 4 ಪಟ್ಟು. ತೂಕದ ಅಯಾನುಗಳು ನಿಧಾನ, ಅದೇ ಕಂಡಿಯಲ್ಲಿ ಹೈಡ್ರೋಜನ್ನಿನ ಅಯಾನುವಾದ ಪ್ರೋಟಾನ್‌ಗಿಂತ ಕ್ಸೆನಾನ್ ಅನ್ನುವ ತೂಕದ ಅನಿಲದ ಅಯಾನು ಸುಮಾರು 11 ಪಟ್ಟು ಕಡಿಮೆ ಹಾಯುತ್ತದೆ.

ಪ್ಲಾಸ್ಮಾ ಈ ಮಿತಿಗಿಂತ ಜಾಸ್ತಿ ಅಯಾನು ಕೊಡತೊಡಗಿತು ಅಂತಿಟ್ಟುಕೊಳ್ಳಿ. ಆಗ ಅಂಚು ತಟ್ಟೆಯ ಕಡೆಗೆ ಸರಿಯುತ್ತದೆ. ಅಂತರ ಕಡಿಮೆಯಾಯಿತು, ಮಿತಿ ಏರಿತು, ಲೆಕ್ಕ ಸರಿಹೋಯಿತು. ಕಡಿಮೆ ಕೊಟ್ಟರೆ ಅಂಚು ಹಿಂದೆ ಸರಿಯುತ್ತದೆ. ಎಷ್ಟು ಚಂದದ ಏರ್ಪಾಡು! ಯಾರೂ ಕೈ ಹಾಕುವುದೇ ಬೇಡ.

ತೊಂದರೆ ಇರುವುದು ಆಕಾರದಲ್ಲಿ. ಅಯಾನು ಅಂಚಿಗೆ ನೇರ ಲಂಬವಾಗಿ ಹೊರಡುತ್ತದೆ. ಮಳೆಗಾಲದ ಹೊಳೆಯ ಹಾಗೆ ಅಂಚು ಹೊರಗೆ ಉಬ್ಬಿದರೆ ಬೀಮ್ ಕೊಡೆಯ ಕಡ್ಡಿಗಳಂತೆ ಹರಡಿಹೋಗುತ್ತದೆ. ಬೇಸಗೆಯ ಹಾಗೆ ಒಳಗೆ ತೀರಾ ತಗ್ಗಿದರೆ ಅಯಾನುಗಳು ನಡುವಲ್ಲೇ ಒಂದನ್ನೊಂದು ದಾಟಿ ಆಮೇಲೆ ಚದುರುತ್ತವೆ. ಬೇಕಾದದ್ದು ದೋಸೆಕಾವಲಿಯ ನಡುವಿನಷ್ಟು ಸಣ್ಣ ತಗ್ಗು. ಅಷ್ಟಾದರೆ ಒಳಗೆ ಬಾಗಿದ ದಾರಿಯೂ ಹೊರಗೆ ತಳ್ಳುವ ಚಾರ್ಜೂ ಒಂದಕ್ಕೊಂದು ಹೊಂದಿ ಬೀಮ್ ನೆಟ್ಟಗೆ ಹೋಗುತ್ತದೆ. ತೂತಿನ ಸುತ್ತಲ ಲೋಹಕ್ಕೆ ಓರೆ ಕೊಡುವುದೂ ಇದಕ್ಕೇ. ಎಲೆಕ್ಟ್ರಾನ್ ಗನ್‌ಗಳಿಗಾಗಿ ಜಾನ್ ಪಿಯರ್ಸ್ ಕಂಡುಹಿಡಿದ 67.5 ಡಿಗ್ರಿಯ ಕೋನದಿಂದಲೇ ಇಲ್ಲಿಯೂ ಶುರು ಮಾಡುತ್ತಾರೆ.

ಹೊರಗೆ ಬಂದ ಬೀಮಿಗೆ ಸಹಾಯ ಅನಿರೀಕ್ಷಿತ ಕಡೆಯಿಂದ ಸಿಗುತ್ತದೆ. ಬೀಮ್ ಹಾದುಹೋಗುವ ಕೊಳವೆಯಲ್ಲಿ ಉಳಿದ ಅನಿಲಕ್ಕೆ ಅಯಾನುಗಳು ಬಡಿದು ಎಲೆಕ್ಟ್ರಾನ್ ಎಬ್ಬಿಸುತ್ತವೆ. ಆ ಎಲೆಕ್ಟ್ರಾನ್‌ಗಳು ಬೀಮಿನೊಳಗೇ ಸಿಕ್ಕಿಬಿದ್ದು ಪ್ಲಸ್ ಚಾರ್ಜನ್ನು ತಣಿಸುತ್ತವೆ. ಆದರೆ ಡಬ್ಬಿಯ ಪ್ಲಸ್ ವೋಲ್ಟೇಜ್ ಅವನ್ನು ಹಿಂದಕ್ಕೆ ಎಳೆದುಕೊಳ್ಳಲು ಕಾದಿರುತ್ತದೆ. ಬಿಟ್ಟರೆ ಬೀಮ್ ಹರಡುತ್ತದೆ, ಡಬ್ಬಿಯ ಹಿಂಬದಿ ಬಿಸಿಯಾಗುತ್ತದೆ, ಎಕ್ಸ್-ರೇ ಕೂಡ ಹುಟ್ಟುತ್ತದೆ. ಅದಕ್ಕೇ ನಡುವೆ ಮೈನಸ್ ವೋಲ್ಟೇಜಿನ ಇನ್ನೊಂದು ತಟ್ಟೆ ಇಡುತ್ತಾರೆ, ಎಲೆಕ್ಟ್ರಾನ್ ದಾಟದಂತೆ.

2007ರಲ್ಲಿ ಹೊರಟ ನಾಸಾದ ಡಾನ್ ಬಾಹ್ಯಾಕಾಶ ನೌಕೆ ನಡೆದದ್ದು ಇದೇ ವಿದ್ಯೆಯಿಂದ, ಅಯಾನುಗಳನ್ನು ಹಿಂದಕ್ಕೆ ಚಿಮ್ಮಿಸುತ್ತಾ. ಅದರ ಎಂಜಿನ್ನಿನ ಬಾಯಲ್ಲಿ ಇದ್ದದ್ದು ಒಂದು ತೂತಲ್ಲ, ಸಾವಿರಾರು ತೂತಿನ ಜೋಡಿ ಜಾಲರಿ. ಶ್ಯಾವಿಗೆ ಒರಳಿನ ಅಚ್ಚಿನ ಹಾಗೆ ಅನ್ನಬಹುದು. ಆದರೆ ಶ್ಯಾವಿಗೆಯನ್ನು ಹಿಂದಿನಿಂದ ಒತ್ತುತ್ತೇವೆ, ಅಯಾನುಗಳನ್ನು ಎದುರಿನಿಂದ ಎಳೆಯುತ್ತಾರೆ. ಪ್ರತಿ ತೂತಿಗೂ ಅದರದ್ದೇ ಅಳಿವೆ. ಸುಮಾರು 425 ಕಿಲೋ ಕ್ಸೆನಾನ್ ಹೊತ್ತು ಹೊರಟ ಡಾನ್ 2011ರಲ್ಲಿ ವೆಸ್ಟಾ ಕ್ಷುದ್ರಗ್ರಹವನ್ನು, 2015ರಲ್ಲಿ ಸೀರಿಸ್ ಕುಬ್ಜಗ್ರಹವನ್ನು ತಲುಪಿತು.

ಯಂತ್ರದ ಮುಂದೆ ಕೂತವರಿಗೆ ಈ ಅಂಚು ಕಣ್ಣಿಗೆ ಕಾಣುವುದಿಲ್ಲ. ಅವರಿಗೆ ಕಾಣುವುದು ಎರಡು ಮೀಟರ್. ಒಂದು ಡಬ್ಬಿಯಿಂದ ಹೊರಟ ಕರೆಂಟ್ ತೋರಿಸುತ್ತದೆ, ಇನ್ನೊಂದು ದೂರದ ಲೋಹದ ಲೋಟಕ್ಕೆ ಬಂದು ಬಿದ್ದದ್ದನ್ನು. ಮೈಕ್ರೋವೇವ್ ಏರಿಸಿದಾಗ ಮೊದಲಿನದ್ದು ಏರಿ ಎರಡನೆಯದು ಇಳಿಯಿತು ಅಂದರೆ ಅಂಚು ಉಬ್ಬಿದೆ, ಬೀಮ್ ತಟ್ಟೆಗೆ ಬಡಿಯುತ್ತಿದೆ. ಪಳಗಿದವರು ಆಗ ಮೈಕ್ರೋವೇವ್ ಗುಂಡಿಯನ್ನು ಚೂರು ಹಿಂದಕ್ಕೆ ತಿರುಗಿಸುತ್ತಾರೆ. ಲೋಟದ ಮೀಟರ್ ಮೇಲೇರುತ್ತದೆ.